ಅನ್ಯನಾಡಿನಲ್ಲಿ ಅಕ್ಷರದ ಕೃಷಿ: ಜೋಸೆಫ್ ಪುಲಿಟ್ಜರ್ ಅವರ ಜೀವನ

ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಬಳಿಕ ವಿದ್ಯಾರ್ಥಿಯೊಬ್ಬರು ಮುಂದೆ ಬಂದು ಆ ದಿನದ ಪತ್ರಿಕೆಯಿಂದ ನಾಲ್ಕಾರು ಸುದ್ದಿಗಳನ್ನು ಓದುವ ಪದ್ಧತಿ ಬಹಳ ಹಳೆಯದು. ಈ ಸಂಪುಟವನ್ನು ಕೈಯಲ್ಲಿ ಹಿಡಿದಿರುವ ಹಳೆ ವಿದ್ಯಾರ್ಥಿಗಳಲ್ಲಿ ಅನೇಕರು ಒಂದು ಕಾಲದಲ್ಲಿ ಅಲ್ಲಿ ನಿಂತು ನಡುಗುವ ಕೈಗಳಿಂದ ಪತ್ರಿಕೆ ಹಿಡಿದವರೇ ಆಗಿದ್ದಾರೆ. ಕೆಲವು ವರ್ಷಗಳ ಹಿಂದೆ ಹಾಗೆ ಓದಿದ ಸುದ್ದಿಯೊಂದರಲ್ಲಿ ಪುಲಿಟ್ಜರ್ ಪ್ರಶಸ್ತಿಯ ಹೆಸರು ಬಂದಿತು. ಏಳನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಕೊಠಡಿಯ ಬಾಗಿಲಲ್ಲಿ ನಿಂತು, ಪುಲಿಟ್ಜರ್ ಎಂಬುದು ಊರಿನ ಹೆಸರೋ ಮನುಷ್ಯನ ಹೆಸರೋ ಎಂದು ಕೇಳಿದಳು. ಅಮೇರಿಕೆಯ ಒಬ್ಬ ಪತ್ರಕರ್ತರ ಹೆಸರು ಎಂದಷ್ಟೇ ಹೇಳಿ ಅವಳನ್ನು ತರಗತಿಗೆ ಕಳುಹಿಸಿದೆ. ಅದಕ್ಕಿಂತ ಹೆಚ್ಚಿಗೆ ನನಗೂ ಆಗ ತಿಳಿದಿರಲಿಲ್ಲ. ಆಮೇಲೆ ಅವರ ಬಾಳಿನ ವಿವರಗಳನ್ನು ಓದುತ್ತ ಹೋದಂತೆ, ಗಡಿನಾಡಿನ ಕನ್ನಡ ಶಾಲೆಯೊಂದರ ಮಕ್ಕಳಿಗೂ ಹೆತ್ತವರಿಗೂ ತಿಳಿಸಲೇಬೇಕಾದ ಜೀವನವಿದು ಎಂದು ನನಗೆ ಮನವರಿಕೆಯಾಯಿತು. ಆ ಬಾಲಕಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಶತಮಾನೋತ್ಸವದ ಈ ಸಂದರ್ಭದಲ್ಲಿ, ತಡವಾಗಿಯಾದರೂ, ಕೊಡುತ್ತಿದ್ದೇನೆ.

ಜೋಸೆಫ್ ಪುಲಿಟ್ಜರ್ 1847ರ ಏಪ್ರಿಲ್ 10ರಂದು ಹಂಗೇರಿಯ ಮಾಕೋ ಎಂಬ ಪಟ್ಟಣದಲ್ಲಿ ಜನಿಸಿದನು. ಹಂಗೇರಿಯು ಆಗ ಆಸ್ಟ್ರಿಯಾದ ಸಾಮ್ರಾಜ್ಯಕ್ಕೆ ಒಳಪಟ್ಟಿತ್ತು. ಯಹೂದಿ ಮನೆತನ, ತಂದೆ ಧಾನ್ಯದ ವ್ಯಾಪಾರಿ. ಬಾಲಕನಿಗೆ ಆರು ವರ್ಷವಾಗುವ ಹೊತ್ತಿಗೆ ಕುಟುಂಬವು ಪೆಸ್ಟ್ ನಗರಕ್ಕೆ ಬಂದು ನೆಲಸಿತು. ಅನುಕೂಲವಿದ್ದ ಆ ದಿನಗಳಲ್ಲಿ ಮಕ್ಕಳಿಗೆ ಮನೆಪಾಠದ ವ್ಯವಸ್ಥೆಯಿತ್ತು. ಹಂಗೇರಿಯನ್, ಜರ್ಮನ್, ಫ್ರೆಂಚ್ ಭಾಷೆಗಳು ಜೋಸೆಫನಿಗೆ ಎಳವೆಯಲ್ಲೇ ಒಲಿದವು. ಆದರೆ 1858ರಲ್ಲಿ ತಂದೆ ತೀರಿಕೊಂಡನು. ವ್ಯಾಪಾರ ದಿವಾಳಿಯಾಯಿತು. ಒಡಹುಟ್ಟಿದವರಲ್ಲಿ ಹೆಚ್ಚಿನವರು ಎಳೆಯ ಪ್ರಾಯದಲ್ಲಿಯೇ ಕಣ್ಮುಚ್ಚಿದರು. ಹದಿನೇಳರ ತರುಣನು ಸೈನಿಕನಾಗಿ ಬದುಕು ಕಟ್ಟಿಕೊಳ್ಳಲು ಹೊರಟು ಯೂರೋಪಿನ ಸೈನ್ಯಗಳ ಬಾಗಿಲು ತಟ್ಟಿದನು. ಬಡಕಲು ದೇಹ, ಮಂದ ದೃಷ್ಟಿ. ಎಲ್ಲ ಕಡೆಯೂ ಅವನನ್ನು ಹಿಂದಕ್ಕೆ ಕಳುಹಿಸಿದರು.

ಅದೇ ವೇಳೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಉತ್ತರದ ಸೈನ್ಯಕ್ಕೆ ಆಳುಗಳನ್ನು ಒದಗಿಸುವ ದಲ್ಲಾಳಿಗಳು ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿದ್ದರು. ಅವರಿಗೆ ಜೋಸೆಫನ ಕಣ್ಣಿನ ಚಿಂತೆಯಿರಲಿಲ್ಲ. 1864ರಲ್ಲಿ ಅವನು ಬಾಸ್ಟನ್ ಬಂದರಿಗೆ ಬಂದಿಳಿದನು. ನ್ಯೂಯಾರ್ಕಿನ ಅಶ್ವದಳವೊಂದಕ್ಕೆ ಸೇರಿ ಯುದ್ಧ ಮುಗಿಯುವವರೆಗೂ ಇದ್ದನು. ಆ ದಳದಲ್ಲಿ ಜರ್ಮನ್ ಮಾತಾಡುವವರೇ ಬಹುಮಂದಿ ಇದ್ದುದರಿಂದ ಇಂಗ್ಲಿಷ್ ಕಲಿಯುವ ಸಂದರ್ಭವೇ ಒದಗಲಿಲ್ಲ. 1865ರಲ್ಲಿ ಯುದ್ಧ ನಿಂತಾಗ ಸಾವಿರಾರು ಸೈನಿಕರೊಡನೆ ಅವನೂ ಕೆಲಸವಿಲ್ಲದೆ ಬೀದಿಗೆ ಬಂದನು. ಕೈಯಲ್ಲಿ ಹಣವಿಲ್ಲ, ನಾಲಗೆಯಲ್ಲಿ ಆ ನಾಡಿನ ಭಾಷೆಯಿಲ್ಲ, ಊರಿನಲ್ಲಿ ಪರಿಚಿತರಿಲ್ಲ.

ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ ಜರ್ಮನ್ ಭಾಷಿಕರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದರು. ತನ್ನ ಮಾತು ತಿಳಿಯುವ ಜನರಿರುವ ಊರನ್ನು ಅರಸಿ ಜೋಸೆಫನು ಅಲ್ಲಿಗೆ ಹೊರಟನು. ಮಿಸಿಸಿಪ್ಪಿ ನದಿಯನ್ನು ದಾಟಲು ದೋಣಿಯ ಕೂಲಿಗೆ ಹಣವಿಲ್ಲದೆ, ಅದರ ಒಲೆಗೆ ಕಲ್ಲಿದ್ದಲು ತುಂಬುವ ಕೆಲಸ ಮಾಡಿ ಆಚೆ ದಡ ಸೇರಿದನೆಂದು ಪ್ರತೀತಿಯಿದೆ. ನಗರದಲ್ಲಿ ಹೇಸರಗತ್ತೆಗಳನ್ನು ಮೇಯಿಸಿದನು, ಹೋಟೆಲಿನಲ್ಲಿ ತಟ್ಟೆಗಳನ್ನು ಹೊತ್ತನು, ಸಿಕ್ಕಿದ ಕೂಲಿಗಳನ್ನೆಲ್ಲ ಮಾಡಿದನು. ಬಿಡುವಿನ ವೇಳೆಯನ್ನು ಮಾತ್ರ ಅವನು ಯಾರಿಗೂ ಕೊಡಲಿಲ್ಲ. ಊರಿನಲ್ಲಿ ಮರ್ಕೆಂಟೈಲ್ ಗ್ರಂಥಾಲಯವೆಂಬ ಒಳ್ಳೆಯ ವಾಚನಾಲಯವಿತ್ತು. ಅಲ್ಲಿ ಕುಳಿತು ಇಂಗ್ಲಿಷನ್ನೂ ಕಾನೂನನ್ನೂ ತಾನೇ ಓದಿ ಕಲಿತನು. 1867ರಲ್ಲಿ ಅಮೇರಿಕೆಯ ಪೌರತ್ವವೂ ದೊರೆಯಿತು.

ಆ ದಿನಗಳ ಒಂದು ಪ್ರಸಂಗವನ್ನು ಅವರ ಚರಿತ್ರಕಾರರು ಹೇಳುತ್ತಾರೆ. ಲೂಯಿಸಿಯಾನದ ಕಬ್ಬಿನ ತೋಟದಲ್ಲಿ ಒಳ್ಳೆಯ ಸಂಬಳದ ಕೆಲಸ ಕೊಡಿಸುವುದಾಗಿ ನಂಬಿಸಿದ ಒಬ್ಬ ದಲ್ಲಾಳಿ ಪ್ರತಿಯೊಬ್ಬರಿಂದ 5 ಡಾಲರ್ ಪಡೆದು ಜೋಸೆಫನನ್ನೂ ಇತರರನ್ನೂ ಹಡಗು ಹತ್ತಿಸಿದನು. ಹಡಗು ಅವರನ್ನು ಊರಿನಿಂದ ಹಲವು ಮೈಲಿ ದೂರದಲ್ಲಿ ಇಳಿಸಿ ಹೊರಟುಹೋಯಿತು. ಕೆಲಸವೂ ಇಲ್ಲ, ತೋಟವೂ ಇಲ್ಲ. ನಡೆದುಕೊಂಡೇ ನಗರಕ್ಕೆ ಮರಳಿದ ಜೋಸೆಫನು ಆ ಮೋಸದ ಕಥೆಯನ್ನು ಜರ್ಮನ್ ಭಾಷೆಯಲ್ಲಿ ಬರೆದು ಅಲ್ಲಿನ ಜರ್ಮನ್ ದಿನಪತ್ರಿಕೆಯಾದ ವೆಸ್ಟ್‌ಲಿಶ್ ಪೋಸ್ಟಿಗೆ ಕೊಟ್ಟನು, ಅದು ಅಚ್ಚಾಯಿತು. ಕೇಳುವವರಿಲ್ಲದ ಕೂಲಿಯಾಳಿನ ಅಳಲು ಅಚ್ಚಿನ ಅಕ್ಷರವಾದೊಡನೆ ಊರಿನ ಸುದ್ದಿಯಾಗುತ್ತದೆ ಎಂಬ ಪಾಠವನ್ನು ಅವನು ಕಲಿತದ್ದು ಹೀಗೆ. ಮುಂದೆ ಅವನು ಮಾಡಿದ ಎಲ್ಲ ಒಳ್ಳೆಯ ಕೆಲಸಗಳ ಬೇರು ಇಲ್ಲಿಯೇ ಇದೆ.

ವೆಸ್ಟ್‌ಲಿಶ್ ಪೋಸ್ಟಿನ ಸಂಪಾದಕರಾದ ಎಮಿಲ್ ಪ್ರಿಟೋರಿಯಸ್ ಮತ್ತು ಕಾರ್ಲ್ ಶುರ್ಜ್ ಅವರು ಗ್ರಂಥಾಲಯಕ್ಕೆ ಬಂದು ಚದುರಂಗ ಆಡುತ್ತಿದ್ದರು. ಆ ಆಟದ ಮಣೆಯ ಬಳಿಯಲ್ಲಿಯೇ ಈ ತರುಣನ ಜಾಣ್ಮೆ ಅವರ ಕಣ್ಣಿಗೆ ಬಿದ್ದಿತು. ಶುರ್ಜ್ ಅವರೂ ಜರ್ಮನಿಯಿಂದ ಬಂದವರು. ಪತ್ರಿಕೆಯಿಂದ ಅಮೇರಿಕೆಯ ಸೆನೆಟ್ ಸಭೆಗೆ ಏರಿದವರು. 1868ರಲ್ಲಿ ಪುಲಿಟ್ಜರ್ ಆ ಪತ್ರಿಕೆಯ ವರದಿಗಾರರಾದರು. ಬೆಳಗಿನಿಂದ ನಡುರಾತ್ರಿಯವರೆಗೆ ಊರೆಲ್ಲ ಅಲೆದು ಸುದ್ದಿ ತರುತ್ತಿದ್ದ ಈ ಉದ್ದ ಮೂಗಿನ, ಬಡಕಲು ಮೈಯ ವರದಿಗಾರರನ್ನು ಮೊದಮೊದಲು ಇಂಗ್ಲಿಷ್ ಪತ್ರಿಕೆಗಳವರು ಹಾಸ್ಯ ಮಾಡಿದರು. ಕ್ರಮೇಣ ಅವರ ಸುದ್ದಿಗಳನ್ನೇ ಎದುರುನೋಡತೊಡಗಿದರು.

ಮರುವರ್ಷವೇ ಶಾಸನಸಭೆಯ ಬಾಗಿಲು ತೆರೆಯಿತು. ಮಿಸ್ಸೂರಿ ರಾಜ್ಯದ ವಿಧಾನಸಭೆಯ ತೆರವಾದ ಸ್ಥಾನವೊಂದಕ್ಕೆ 1869ರ ಕೊನೆಯಲ್ಲಿ ಉಪಚುನಾವಣೆ ನಡೆಯಿತು. ಗೆಲ್ಲುವ ಭರವಸೆಯಿಲ್ಲದ ಕ್ಷೇತ್ರವೆಂದು ರಿಪಬ್ಲಿಕನ್ ಪಕ್ಷದವರು ಪುಲಿಟ್ಜರರ ಹೆಸರನ್ನು ಸೂಚಿಸಿದ್ದರು. ಅವರು ಮನೆಮನೆಗೆ ಹೋಗಿ ಮತ ಕೇಳಿ ಗೆದ್ದೇ ಬಿಟ್ಟರು. ಶಾಸಕನಾಗಲು 25 ವರ್ಷ ತುಂಬಿರಬೇಕೆಂಬ ನಿಯಮವಿತ್ತು. ಅವರಿಗೆ ಆಗ 22 ವರ್ಷ. ಈ ಲೋಪವನ್ನು ಯಾರೂ ಎತ್ತಿ ತೋರಿಸಲಿಲ್ಲ, ಅವರೂ ಹೇಳಲಿಲ್ಲ. ಜೆಫರ್‌ಸನ್ ಸಿಟಿಯ ಸಭೆಯಲ್ಲಿ ಕುಳಿತು ಅವರು ಕೈಗೆತ್ತಿಕೊಂಡದ್ದು ಸೇಂಟ್ ಲೂಯಿಸ್ ಕೌಂಟಿಯ ಆಡಳಿತದಲ್ಲಿ ನಡೆಯುತ್ತಿದ್ದ ಗುತ್ತಿಗೆಗಳ ಅವ್ಯವಹಾರವನ್ನು. ಶಾಸಕರಾಗಿ ಅದರ ವಿರುದ್ಧ ಮಸೂದೆ ತಂದರು, ವರದಿಗಾರರಾಗಿ ಅದನ್ನೇ ಪತ್ರಿಕೆಗೂ ಬರೆದರು.

ಇಲ್ಲಿ ಒಂದು ಕಹಿ ಘಟನೆಯನ್ನು ಮರೆಮಾಚದೆ ಹೇಳಬೇಕು. 1870ರ ಜನವರಿಯಲ್ಲಿ ಇದೇ ವಿಷಯಕ್ಕಾಗಿ ಒಬ್ಬ ಗುತ್ತಿಗೆದಾರನೊಡನೆ ಹೋಟೆಲಿನಲ್ಲಿ ಜಗಳವಾಯಿತು. ಆತ ಎಲ್ಲರ ಮುಂದೆ ತಮ್ಮನ್ನು ಸುಳ್ಳುಗಾರನೆಂದು ಜರೆದಾಗ ಪುಲಿಟ್ಜರ್ ಸಿಟ್ಟಿನ ಭರದಲ್ಲಿ ಕೋಣೆಗೆ ಹೋಗಿ ಪಿಸ್ತೂಲು ತಂದು ಗುಂಡು ಹಾರಿಸಿದರು. ಗುಂಡು ಆತನ ಕಾಲಿಗೆ ತಗಲಿತು, ಪ್ರಾಣಾಪಾಯವಾಗಲಿಲ್ಲ. ನ್ಯಾಯಾಲಯ 100 ಡಾಲರ್ ದಂಡ ವಿಧಿಸಿತು. ನ್ಯಾಯದ ಪಕ್ಷದಲ್ಲಿ ನಿಂತವನೂ ಸಿಟ್ಟಿಗೆ ಸೋತರೆ ತಾನೇ ಅಪರಾಧಿಯಾಗುತ್ತಾನೆ. ದೊಡ್ಡವರ ಚರಿತ್ರೆಯನ್ನು ಮಕ್ಕಳಿಗೆ ಹೇಳುವಾಗ ಇಂಥ ಪುಟಗಳನ್ನು ಹರಿದು ತೆಗೆಯುವುದು ಸರಿಯಲ್ಲವೆಂದು ನಾನು ನಂಬಿದ್ದೇನೆ.

ಮುಂದಿನ ವರ್ಷಗಳಲ್ಲಿ ಪುಲಿಟ್ಜರ್ ರಿಪಬ್ಲಿಕನ್ ಪಕ್ಷದ ಭ್ರಷ್ಟತೆಯಿಂದ ಬೇಸತ್ತು ಡೆಮೊಕ್ರಾಟ್ ಪಕ್ಷವನ್ನು ಸೇರಿದರು. 1875ರಲ್ಲಿ ಮಿಸ್ಸೂರಿ ರಾಜ್ಯಕ್ಕೆ ಹೊಸ ಸಂವಿಧಾನ ರಚಿಸಿದ ಸಭೆಯಲ್ಲಿ ಪ್ರತಿನಿಧಿಯಾಗಿದ್ದರು. 1878ರಲ್ಲಿ ಕೇಟ್ ಡೇವಿಸ್ ಎಂಬುವರನ್ನು ವಿವಾಹವಾದರು. ಅದೇ ವರ್ಷದ ಡಿಸೆಂಬರಿನಲ್ಲಿ ದಿವಾಳಿಯಾಗಿ ಹರಾಜಿಗೆ ಬಂದಿದ್ದ ಡಿಸ್ಪ್ಯಾಚ್ ಪತ್ರಿಕೆಯನ್ನು 2,500 ಡಾಲರಿಗೆ ಕೊಂಡು ಪೋಸ್ಟ್ ಎಂಬ ಇನ್ನೊಂದು ಪತ್ರಿಕೆಯೊಡನೆ ಕೂಡಿಸಿದರು. ಹೀಗೆ ಪೋಸ್ಟ್-ಡಿಸ್ಪ್ಯಾಚ್ ಹುಟ್ಟಿತು. ಹದಿಮೂರು ವರ್ಷಗಳ ಹಿಂದೆ ಇಂಗ್ಲಿಷ್ ಬಾರದೆ ಆ ಊರಿಗೆ ಬಂದಿದ್ದವರು ಈಗ ಅಲ್ಲಿನ ಇಂಗ್ಲಿಷ್ ಪತ್ರಿಕೆಯೊಂದರ ಒಡೆಯರಾಗಿದ್ದರು. ನಗರದ ಶ್ರೀಮಂತರು ಸರಕಾರಕ್ಕೆ ತೋರಿಸಿದ್ದ ಆಸ್ತಿಯ ಲೆಕ್ಕವನ್ನು ಹೆಸರು ಸಹಿತ ಅಚ್ಚು ಮಾಡಿ, ಬಡವನು ಪೂರ್ತಿ ತೆರಿಗೆ ಕಟ್ಟುವಾಗ ಉಳ್ಳವರು ಹೇಗೆ ತಪ್ಪಿಸಿಕೊಳ್ಳುತ್ತಾರೆಂಬುದನ್ನು ಆ ಪತ್ರಿಕೆ ಊರಿಗೆಲ್ಲ ತೋರಿಸಿಕೊಟ್ಟಿತು.

1883ರ ಮೇ ತಿಂಗಳಲ್ಲಿ ಪುಲಿಟ್ಜರ್ ನ್ಯೂಯಾರ್ಕಿನ ವರ್ಲ್ಡ್ ಪತ್ರಿಕೆಯನ್ನು ಜೇ ಗೂಲ್ಡ್ ಎಂಬ ರೈಲ್ವೆ ಕುಬೇರನಿಂದ 3,46,000 ಡಾಲರಿಗೆ ಕೊಂಡರು. ಆಗ ಅದರ ಪ್ರಸಾರ ಸುಮಾರು 15,000 ಪ್ರತಿಗಳು. ಮರುವರ್ಷ ಅದು 1,00,000 ದಾಟಿತು. ಇದರ ಗುಟ್ಟು ಸರಳವಾಗಿತ್ತು. ನ್ಯೂಯಾರ್ಕಿನಲ್ಲಿ ಆಗ ಹಡಗುಗಳಿಂದ ದಿನದಿನವೂ ಹೊಸಬರು ಬಂದಿಳಿಯುತ್ತಿದ್ದರು. ಜರ್ಮನರು, ಐರಿಷರು, ಇಟಾಲಿಯನ್ನರು, ಪೂರ್ವ ಯೂರೋಪಿನ ಯಹೂದಿಗಳು. ಅರೆಬರೆ ಇಂಗ್ಲಿಷ್ ಬಲ್ಲವನಿಗೂ ತಿಳಿಯುವಂತೆ ಬರೆಯಬೇಕು, ವಾಕ್ಯ ಚಿಕ್ಕದಿರಬೇಕು, ಮಾಹಿತಿ ನಿಖರವಾಗಿರಬೇಕು ಎಂದು ಪುಲಿಟ್ಜರ್ ತಮ್ಮವರಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಪದಕೋಶ ಹಿಡಿದು ಪರಭಾಷೆ ಕಲಿತವನಿಗೇ ಇನ್ನೊಬ್ಬ ಕಲಿಯುವವನ ಕಷ್ಟ ತಿಳಿಯುವುದು. ಚಿತ್ರಗಳು, ದೊಡ್ಡ ತಲೆಬರಹಗಳು, ಎರಡು ಸೆಂಟಿನ ಬೆಲೆ, ಇವೆಲ್ಲ ಅದಕ್ಕೆ ನೆರವಾದವು. 1887ರಲ್ಲಿ ನೆಲ್ಲಿ ಬ್ಲೈ ಎಂಬ ತರುಣಿ ಹುಚ್ಚಿಯಂತೆ ನಟಿಸಿ ಮಹಿಳೆಯರ ಮಾನಸಿಕ ಆಸ್ಪತ್ರೆಯೊಂದರಲ್ಲಿ ಹತ್ತು ದಿನ ಇದ್ದು, ಅಲ್ಲಿನ ರೋಗಿಗಳ ದುಃಸ್ಥಿತಿಯನ್ನು ಬಯಲಿಗೆಳೆದದ್ದು ಇದೇ ಪತ್ರಿಕೆಯಲ್ಲಿ.

1884ರ ಚುನಾವಣೆಯಲ್ಲಿ ನ್ಯೂಯಾರ್ಕ್ ನಗರದ ಕ್ಷೇತ್ರವೊಂದರಿಂದ ಪುಲಿಟ್ಜರ್ ಅಮೇರಿಕೆಯ ಕಾಂಗ್ರೆಸ್ಸಿನ ಪ್ರತಿನಿಧಿ ಸಭೆಗೆ ಆಯ್ಕೆಯಾದರು. ಇಪ್ಪತ್ತು ವರ್ಷಗಳ ಹಿಂದೆ ಬರಿಗೈಯಲ್ಲಿ ಬಂದವರು ಆ ದೇಶದ ಕಾನೂನು ಮಾಡುವ ಸಭೆಯಲ್ಲಿ ಕುಳಿತರು. ಅವರ ಸದಸ್ಯತ್ವ 1885ರ ಮಾರ್ಚಿನಲ್ಲಿ ಆರಂಭವಾಯಿತು. ಅದೇ ತಿಂಗಳಲ್ಲಿ ಅವರು ತಮ್ಮ ಪತ್ರಿಕೆಯ ಮೂಲಕ ಇನ್ನೊಂದು ಕೆಲಸಕ್ಕೆ ಕೈಹಾಕಿದರು. ಶಿಲ್ಪಿ ಬಾರ್ತೋಲ್ಡಿ ನಿರ್ಮಿಸಿದ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ಫ್ರಾನ್ಸಿನ ಜನರು ಕಾಣಿಕೆಯಾಗಿ ಕಳುಹಿಸಲು ಸಿದ್ಧರಾಗಿದ್ದರೂ, ಅದನ್ನು ನಿಲ್ಲಿಸುವ ಪೀಠಕ್ಕೆ ನ್ಯೂಯಾರ್ಕಿನಲ್ಲಿ ಹಣವಿರಲಿಲ್ಲ. ಸರಕಾರ ಕೊಡಲಿಲ್ಲ, ಧನಿಕರೂ ಕೊಡಲಿಲ್ಲ. ಪುಲಿಟ್ಜರ್ ಸಾಮಾನ್ಯ ಓದುಗರನ್ನು ಕೇಳಿದರು. ಒಂದೇ ಸೆಂಟು ಕೊಟ್ಟರೂ ಸರಿ, ಕೊಟ್ಟವರ ಹೆಸರನ್ನು ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆಂದು ಪ್ರಕಟಿಸಿದರು.

ಅಂದಿನಿಂದ ದಿನವೂ ಹೆಸರುಗಳ ಪಟ್ಟಿ ಬರತೊಡಗಿತು. ಕೂಲಿಯವರು, ಮನೆಗೆಲಸದವರು, ಮಕ್ಕಳು. ಅಯೋವಾ ರಾಜ್ಯದ ಶಿಶುವಿಹಾರವೊಂದರ ಮಕ್ಕಳು 1 ಡಾಲರ್ 35 ಸೆಂಟು ಕೂಡಿಸಿ ಕಳುಹಿಸಿದರು. ಆಗಸ್ಟ್ 11ರ ಹೊತ್ತಿಗೆ 1,20,000ಕ್ಕೂ ಹೆಚ್ಚು ಜನರಿಂದ 1,00,000 ಡಾಲರಿಗೂ ಮಿಕ್ಕ ಹಣ ಸೇರಿತು. ಬಹುಪಾಲು ಜನರು ಕೊಟ್ಟದ್ದು ಒಂದು ಡಾಲರಿಗಿಂತ ಕಡಮೆ. 1886ರ ಅಕ್ಟೋಬರ್ 28ರಂದು ಪ್ರತಿಮೆಯ ಅನಾವರಣವಾಯಿತು. ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಮುಡಿ ಅಕ್ಕಿ, ತೆಂಗಿನಕಾಯಿ, ನಾಲ್ಕಾಣೆ ಎಂಟಾಣೆಗಳನ್ನು ಕೂಡಿಸಿ ಶಾಲೆಗಳನ್ನು ಕಟ್ಟಿದ ಕಥೆಗಳನ್ನು ಕೇಳಿ ಬೆಳೆದ ನಮಗೆ ಆ ಪೀಠದ ಕಲ್ಲುಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಂಗ್ರೆಸ್ಸಿನ ಸದಸ್ಯತ್ವವಾದರೋ ಬಹಳ ಕಾಲ ಉಳಿಯಲಿಲ್ಲ. ವಾಷಿಂಗ್ಟನ್ನಿನ ಸಭೆಗೂ ನ್ಯೂಯಾರ್ಕಿನ ಪತ್ರಿಕೆಗೂ ಒಟ್ಟಿಗೆ ನ್ಯಾಯ ಸಲ್ಲಿಸಲು ಅವರಿಂದ ಆಗಲಿಲ್ಲ. ಸಭೆಗೆ ಗೈರುಹಾಜರಾಗುತ್ತಾರೆಂಬ ಟೀಕೆಯೂ ಬಂದಿತು. 1886ರ ಏಪ್ರಿಲ್ 10ರಂದು, ತಮ್ಮ 39ನೆಯ ಹುಟ್ಟುಹಬ್ಬದ ದಿನ, ಅವರು ರಾಜೀನಾಮೆ ಕೊಟ್ಟರು. ಸಾರ್ವಜನಿಕರಿಗೆ ತಾವು ಸಲ್ಲಿಸಬಹುದಾದ ಸೇವೆ ಪತ್ರಿಕೆಯ ಮೂಲಕವೇ ಹೆಚ್ಚು ಎಂಬುದು ಅವರ ನಿರ್ಧಾರವಾಗಿತ್ತು. ಅಧಿಕಾರದ ಪೀಠವನ್ನು ಅಂಟಿಕೊಂಡು ಕೂರುವವರನ್ನೇ ಹೆಚ್ಚಾಗಿ ಕಾಣುವ ನಮಗೆ, ಒಂದು ಕೆಲಸವನ್ನು ಸರಿಯಾಗಿ ಮಾಡಲಾಗದಿದ್ದರೆ ಅದರ ಗೌರವವನ್ನೂ ಬಿಟ್ಟುಕೊಡಬೇಕೆಂಬ ಈ ನಡೆ ಗಮನಾರ್ಹ.

ಅದರ ಮರುವರ್ಷದಿಂದಲೇ ಅವರ ಕಣ್ಣುಗಳು ಕೈಕೊಡತೊಡಗಿದವು. ಆರೋಗ್ಯ ಕೆಟ್ಟಿತು; ಸಣ್ಣ ಸದ್ದನ್ನೂ ಸಹಿಸಲಾಗದ ನರಗಳ ಬೇನೆ ಹತ್ತಿಕೊಂಡಿತು. 1890ರಲ್ಲಿ, 43ನೆಯ ವಯಸ್ಸಿನಲ್ಲಿ, ಅವರು ಸಂಪಾದಕರ ಕುರ್ಚಿಯಿಂದ ಇಳಿದರು. ಅದೇ ವರ್ಷ ಪತ್ರಿಕೆಗಾಗಿ ಅವರು ಕಟ್ಟಿಸಿದ, ನ್ಯೂಯಾರ್ಕಿನಲ್ಲಿಯೇ ಅತ್ಯಂತ ಎತ್ತರದ ಕಟ್ಟಡ ಸಿದ್ಧವಾಯಿತು. ಅದನ್ನು ಕಣ್ಣು ತುಂಬ ನೋಡುವ ಯೋಗ ಅವರಿಗಿರಲಿಲ್ಲ. ಮುಂದೆ ಸುಮಾರು ಇಪ್ಪತ್ತು ವರ್ಷ ಸದ್ದು ನುಸುಳದ ಕೋಣೆಗಳಲ್ಲಿ, ಹಡಗಿನಲ್ಲಿ, ಊರಿಂದ ಊರಿಗೆ ಅವರ ವಾಸ. ಕಾರ್ಯದರ್ಶಿಗಳು ಪತ್ರಿಕೆಗಳನ್ನೂ ಪುಸ್ತಕಗಳನ್ನೂ ಓದಿ ಹೇಳುತ್ತಿದ್ದರು. ಅವರು ತಂತಿಯ ಮೂಲಕ ಪತ್ರಿಕೆಗೆ ಸೂಚನೆಗಳನ್ನು ಕಳುಹಿಸುತ್ತಿದ್ದರು. 1897ರ ಕೊನೆಯ ದಿನ ಹಿರಿಯ ಮಗಳು ಲುಸಿಲ್ ವಿಷಮಶೀತ ಜ್ವರದಿಂದ ತೀರಿಕೊಂಡಳು.

ಅವರ ಬಾಳಿನ ಅತಿ ದೊಡ್ಡ ಕಳಂಕವೂ ಇದೇ ಕಾಲದ್ದು. 1895ರಲ್ಲಿ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ಎಂಬ ಧನಿಕ ತರುಣ ನ್ಯೂಯಾರ್ಕಿನ ಜರ್ನಲ್ ಪತ್ರಿಕೆಯನ್ನು ಕೊಂಡು ಸ್ಪರ್ಧೆಗೆ ಇಳಿದನು. ಆ ಜರ್ನಲ್ ಒಂದು ಕಾಲಕ್ಕೆ ಪುಲಿಟ್ಜರರ ತಮ್ಮ ಆಲ್ಬರ್ಟನೇ ಆರಂಭಿಸಿದ್ದ ಪತ್ರಿಕೆ. ಪ್ರಸಾರದ ಪೈಪೋಟಿಯಲ್ಲಿ ಎರಡೂ ಪತ್ರಿಕೆಗಳು ಸುದ್ದಿಯನ್ನು ಉಬ್ಬಿಸಿದವು, ಬಣ್ಣ ಕಟ್ಟಿದವು. ಪೀತ ಪತ್ರಿಕೋದ್ಯಮ ಎಂಬ ಹೆಸರು ಹುಟ್ಟಿದ್ದೇ ಈ ಕಾಳಗದಿಂದ. 1898ರಲ್ಲಿ ಅಮೇರಿಕೆ ಮತ್ತು ಸ್ಪೇನಿನ ನಡುವೆ ಯುದ್ಧ ಹೊತ್ತಿಕೊಂಡಾಗ ಈ ಪತ್ರಿಕೆಗಳು ಬೆಂಕಿಗೆ ತುಪ್ಪ ಸುರಿದವು. 1899ರಲ್ಲಿ ಬೀದಿಯಲ್ಲಿ ಪತ್ರಿಕೆ ಮಾರುವ ಬಡ ಹುಡುಗರು ಈ ಇಬ್ಬರು ಒಡೆಯರ ವಿರುದ್ಧವೇ ಮುಷ್ಕರ ಹೂಡಿದರು. ನೂರು ಪ್ರತಿಗಳಿಗೆ ಹುಡುಗರು ಕೊಡಬೇಕಾಗಿದ್ದ ಹಣವನ್ನು ಯುದ್ಧಕಾಲದಲ್ಲಿ 50 ಸೆಂಟಿನಿಂದ 60ಕ್ಕೆ ಏರಿಸಿದ್ದರು. ಯುದ್ಧ ಮುಗಿದರೂ ಇಳಿಸಿರಲಿಲ್ಲ. ಎರಡು ವಾರಗಳ ಬಳಿಕ, ಮಾರಾಟವಾಗದ ಪ್ರತಿಗಳನ್ನು ಮರಳಿ ಕೊಳ್ಳಲು ಒಡೆಯರು ಒಪ್ಪಿದ ಮೇಲೆ ಮುಷ್ಕರ ನಿಂತಿತು. ಹಿಂದೊಮ್ಮೆ ಐದು ಡಾಲರ್ ಕಳೆದುಕೊಂಡು ನಡೆದು ಬಂದಿದ್ದ ಕೂಲಿಯಾಳು ತನ್ನ ಬಾಗಿಲಲ್ಲೇ ನಿಂತ ಮಕ್ಕಳ ಅಳಲನ್ನು ಕೇಳದೆ ಹೋದದ್ದು ನೋವಿನ ಸಂಗತಿ.

ಈ ತಪ್ಪು ಅವರನ್ನು ಕಾಡಿತೆಂದು ಅವರ ಮುಂದಿನ ನಡೆಯಿಂದ ತಿಳಿಯಬಹುದು. ಯುದ್ಧದ ಬಳಿಕ ವರ್ಲ್ಡ್ ಪತ್ರಿಕೆಯನ್ನು ಆ ದಾರಿಯಿಂದ ತಿರುಗಿಸಿದರು. 1908ರಲ್ಲಿ ಪನಾಮಾ ಕಾಲುವೆಗಾಗಿ ಅಮೇರಿಕೆ ತೆತ್ತ 4 ಕೋಟಿ ಡಾಲರ್ ನಿಜವಾಗಿ ಯಾರ ಕೈ ಸೇರಿತೆಂದು ಪತ್ರಿಕೆ ಪ್ರಶ್ನಿಸಿತು. ರೋಷಗೊಂಡ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರ ಸರಕಾರ ಮಾನಹಾನಿಯ ಮೊಕದ್ದಮೆ ಹೂಡಿತು. ಕುರುಡನಾದ ರೋಗಿಗೆ ಸೆರೆಮನೆಯ ಭಯ ಎದುರಾಯಿತು. ಪುಲಿಟ್ಜರ್ ಹಿಂಜರಿಯಲಿಲ್ಲ. 1911ರ ಜನವರಿಯಲ್ಲಿ ಅಮೇರಿಕೆಯ ಸರ್ವೋಚ್ಚ ನ್ಯಾಯಾಲಯ ಪತ್ರಿಕೆಯ ಪರವಾಗಿ ತೀರ್ಪು ನೀಡಿತು.

ಪತ್ರಕರ್ತರಾಗುವವರಿಗೂ ವೈದ್ಯರಂತೆ, ವಕೀಲರಂತೆ ವಿದ್ಯೆ ಬೇಕು, ಧರ್ಮ ಬೇಕು ಎಂಬುದು ಅವರ ಕೊನೆಯ ವರ್ಷಗಳ ಹಂಬಲ. 1892ರಲ್ಲಿ ಅದಕ್ಕಾಗಿ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹಣ ಕೊಡಲು ಬಂದಾಗ ವಿಶ್ವವಿದ್ಯಾನಿಲಯ ಒಪ್ಪಿರಲಿಲ್ಲ. ಅವರು ಮತ್ತೆ ಕೇಳಿದರು, ಕೊನೆಗೆ ಒಪ್ಪಿಗೆ ದೊರೆಯಿತು. 1911ರ ಅಕ್ಟೋಬರ್ 29ರಂದು ಚಾರ್ಲ್ಸ್‌ಟನ್ ಬಂದರಿನಲ್ಲಿ ನಿಂತಿದ್ದ ತಮ್ಮ ಹಡಗಿನಲ್ಲಿ ಪುಲಿಟ್ಜರ್ ತೀರಿಕೊಂಡರು. ಜರ್ಮನ್ ಕಾರ್ಯದರ್ಶಿಯೊಬ್ಬರು ಪುಸ್ತಕ ಓದುತ್ತಿದ್ದಾಗ, ಮೆಲ್ಲಗೆ ಓದಬೇಕೆಂದು ಅವರು ಜರ್ಮನ್ ಭಾಷೆಯಲ್ಲಿ ಹೇಳಿದ್ದೇ ಕೊನೆಯ ಮಾತೆಂದು ದಾಖಲಾಗಿದೆ. ಇಂಗ್ಲಿಷ್ ಪತ್ರಿಕೆಗಳಿಂದ ಲೋಕಪ್ರಸಿದ್ಧರಾದವರ ನಾಲಗೆಯ ಮೇಲೆ ಕೊನೆಯ ಗಳಿಗೆಯಲ್ಲಿ ಬಾಲ್ಯದ ಭಾಷೆ ಮರಳಿ ಬಂದಿತ್ತು. ಅವರು ಬಿಟ್ಟುಹೋದ 20 ಲಕ್ಷ ಡಾಲರ್‌ಗಳಿಂದ 1912ರಲ್ಲಿ ಕೊಲಂಬಿಯಾದಲ್ಲಿ ಪತ್ರಿಕೋದ್ಯಮದ ಶಾಲೆ ತೆರೆಯಿತು. 1917ರಿಂದ ಪುಲಿಟ್ಜರ್ ಪ್ರಶಸ್ತಿಗಳು ಆರಂಭವಾದವು. 1937ರಲ್ಲಿ ಗೋಬಿಂದ್ ಬಿಹಾರಿ ಲಾಲ್ ಅವರು ಈ ಪ್ರಶಸ್ತಿಯನ್ನು ಹಂಚಿಕೊಂಡ ಮೊದಲ ಭಾರತೀಯರಾದರು. ಬೆಂಗಳೂರಿನಲ್ಲಿ ಹುಟ್ಟಿ ಎಳವೆಯಲ್ಲೇ ಅಮೇರಿಕೆಗೆ ಹೋದ ವಿಜಯ್ ಶೇಷಾದ್ರಿ ಅವರು 2014ರಲ್ಲಿ ಕಾವ್ಯಕ್ಕಾಗಿ ಇದನ್ನು ಪಡೆದರು.

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮಕ್ಕಳನ್ನು ಸೇರಿಸಲು ಬರುವ ಹೆತ್ತವರು ನನ್ನೆದುರು ಕುಳಿತು ಕೇಳುವ ಪ್ರಶ್ನೆ ಒಂದೇ. ಈ ಕಾಸರಗೋಡಿನ ನೆಲದಲ್ಲಿ ಕನ್ನಡದಲ್ಲಿ ಕಲಿತ ಮಗು ಮುಂದೆ ಹಿಂದುಳಿಯದೇ? ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ, ಕಚೇರಿಯಲ್ಲಿ ಮಲಯಾಳ, ಉದ್ಯೋಗಕ್ಕೆ ಇಂಗ್ಲಿಷ್. ಇದರ ನಡುವೆ ಕನ್ನಡದ ಭಾರ ಏಕೆ? ಅವರ ಆತಂಕ ಹುರುಳಿಲ್ಲದ್ದಲ್ಲ. ಅದನ್ನು ನಾನು ಹಗುರವಾಗಿ ಕಂಡಿಲ್ಲ. ಪುಲಿಟ್ಜರರ ಜೀವನ ಈ ಪ್ರಶ್ನೆಗೆ ಪೂರ್ತಿ ಉತ್ತರವೆಂದೂ ಹೇಳಲಾರೆ. ಆದರೆ ಅವರು ಮೊದಲ ಮೆಟ್ಟಿಲು ಹತ್ತಿದ್ದು ಪರನಾಡಿನಲ್ಲಿ ನೆಲೆನಿಂತ ಒಂದು ಭಾಷಾ ಸಮುದಾಯದ ಪತ್ರಿಕೆಯಿಂದ. ತನ್ನ ಭಾಷೆಯಲ್ಲಿ ಸ್ಪಷ್ಟವಾಗಿ ಯೋಚಿಸಿ ಬರೆಯಬಲ್ಲವರಾಗಿದ್ದುದರಿಂದಲೇ ಎರಡನೆಯ ಭಾಷೆಯಲ್ಲಿಯೂ ಬರೆಯಬಲ್ಲವರಾದರು. ಆ ನಾಡಿನ ಭಾಷೆಯನ್ನು ಕಲಿಯಲು ಅವರು ಸೋಮಾರಿತನ ತೋರಲಿಲ್ಲ ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು. ನಮ್ಮ ಮಕ್ಕಳು ಮಲಯಾಳವನ್ನೂ ಇಂಗ್ಲಿಷನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯಲಿ. ಕಲಿಯುವ ಬಲ ಮಾತ್ರ ಈ ಕನ್ನಡದ ಬೆಂಚುಗಳ ಮೇಲೆ ಕೂಡಿಬರಲಿ.

ಅಂದು ಪ್ರಶ್ನೆ ಕೇಳಿದ ಹುಡುಗಿ ಈಗ ಹಳೆ ವಿದ್ಯಾರ್ಥಿನಿ. ಈ ಸಂಪುಟ ಅವಳ ಮನೆಗೂ ತಲಪಬಹುದು. ಮಗೂ, ಪುಲಿಟ್ಜರ್ ಊರಿನ ಹೆಸರಲ್ಲ. ಊರು ಬಿಟ್ಟು ಬಂದು, ಅಕ್ಷರವನ್ನು ನಂಬಿ ಬದುಕಿದ, ಕೆಲವೊಮ್ಮೆ ಅದಕ್ಕೆ ದ್ರೋಹ ಬಗೆದು ಮತ್ತೆ ಅದರ ಋಣ ತೀರಿಸಲು ಒಂದು ಶಾಲೆಯನ್ನು ಕಟ್ಟಿಸಿದ ಮನುಷ್ಯನ ಹೆಸರದು. ಬೆಳಗಿನ ಸಭೆಯಲ್ಲಿ ಇಂದಿಗೂ ಪತ್ರಿಕೆ ಓದುತ್ತಿದ್ದೇವೆ. ಒಮ್ಮೆ ಬಂದು ಕೇಳಿಸಿಕೊಂಡು ಹೋಗು.